ಮಾವನ ಗೊರಕೆ ಪೆಟ್ಟಿಗೆ

ರಾಯದುರ್ಗದಲ್ಲಿ ಗೊರಕೆ ಹೊಡೆಯುವ ಪೆಟ್ಟಿಗೆಯನ್ನು ಸಾಕಿದ ಏಕೈಕ ಮನುಷ್ಯ ನನ್ನ ಸೋದರಮಾವ. ಕುರಿ ಸಾಕಿದ ವಂಶ ನಮ್ಮದು. ಸಾಕುವ ಚಟ ಎಲ್ಲಿಗೆ ಹೋಗುತ್ತದೆ ಹೇಳಿ!

ಪೆಟ್ಟಿಗೆ ಅಂದರೆ ಗಿಟಾರಿನ ಆಂಪ್ಲಿಫೈಯರ್. ಬೆಂಗಳೂರಿನ ಗಾರ್ಮೆಂಟ್ಸಿಗೆ ದುಡಿಯಲು ಹೋದವರೆಲ್ಲ ಮಿಕ್ಸಿ, ಟಿ.ವಿ. ತಂದರು. ಮಾವ ಒಂದು ಹಳೆಯ ಗಿಟಾರು, ಜೊತೆಗೆ ಈ ಪೆಟ್ಟಿಗೆ ಹೊತ್ತು ಬಸ್ಸಿಳಿದ. "ಇದರ ಸೌಂಡು ಇದುವರೆಗೆ ಯಾರಿಗೂ ಹಿಡಿಸಿಲ್ಲ" ಎಂದು ಮಾರಿದವನೇ ಹೇಳಿದ್ದನಂತೆ. ಅಷ್ಟು ಪ್ರಾಮಾಣಿಕ ವ್ಯಾಪಾರಿಯನ್ನೂ ನಂಬದಿದ್ದರೆ ಹೇಗೆ?

ಊರಲ್ಲಿ ಮಾವ ಮನೆಯಲ್ಲೇ ಜೀನ್ಸ್ ಪ್ಯಾಂಟು ಹೊಲಿಯತೊಡಗಿದ. ನಾನೂ ಅವ್ವನೂ ಅವನ ಜೊತೆಗೇ ಇದ್ದೆವು. ಸಂಜೆ ಹೊಲಿಗೆ ಮುಗಿಸಿ ಸ್ವಿಚ್ ಒತ್ತಿದನೆಂದರೆ, ಗಿಟಾರಿಗಿಂತ ಮುಂಚೆ ಪೆಟ್ಟಿಗೆಯೇ ಗೊರ್ರ್ ಎಂದು ಶುರು ಮಾಡುತ್ತಿತ್ತು. ಎದುರುಮನೆಯ ಲಕ್ಷ್ಮಕ್ಕ, ಅವಳೂ ಪ್ಯಾಂಟು ಹೊಲಿಯುವವಳೇ, ನಿಮ್ಮ ಮನೆಯಲ್ಲಿ ಜೋಳದ ಗಿರಣಿ ಇಟ್ಟಿರೇನು ಎಂದು ಕೇಳಿದಳು.

ಮಾವ ಬಿಡಲಿಲ್ಲ. ಸ್ಪೀಕರಿನ ಹರುಕಿಗೆ ಪ್ಯಾಂಟಿನ ಜೇಬಿನ ಬಟ್ಟೆ ಅಂಟಿಸಿದ. ನೆಲದ ಮೇಲಿದ್ದರೆ ದನಿ ಮಬ್ಬಾಗುತ್ತದೆಂದು ಹೊಲಿದಿಟ್ಟ ಪ್ಯಾಂಟಿನ ಕಟ್ಟಿನ ಮೇಲೆ ಕೂರಿಸಿದ. ಪ್ಯಾಂಟು ಒಯ್ಯಲು ಬಂದ ಗುತ್ತಿಗೆದಾರ ಸುಮ್ಮನಿರುತ್ತಾನೆಯೇ? ಕೊನೆಗೆ ಅರ್ತಿಂಗ್ ಸರಿಯಾಗಲೆಂದು ಅಂಗಳದಲ್ಲಿ ಕಬ್ಬಿಣದ ಸರಳು ಹೂತು, ಪೆಟ್ಟಿಗೆಯಿಂದ ಅದಕ್ಕೆ ತಂತಿ ಎಳೆದು, ದಿನಾ ಉಪ್ಪುನೀರು ಹಾಕಿದ. ಬೇವಿನ ಗಿಡಕ್ಕೇ ನೀರಿಲ್ಲದ ಕಾಲ! ಅವ್ವ ದಿನಾ ಬೆಳಗ್ಗೆ "ಸರಳು ಚಿಗುರ್ತೇನಪ್ಪಾ?" ಎಂದು ವಿಚಾರಿಸುತ್ತಿದ್ದಳು.

"ತಪ್ಪು ಪೆಟ್ಟಿಗಿದಲ್ಲವ್ವಾ," ಎನ್ನುತ್ತಿದ್ದ ಮಾವ ನನ್ನ ಕಡೆ ತಿರುಗಿ. "ಓಣ್ಯಾಗಿನ ಮಷಿನ್ ಮೋಟ್ರು ಎಲ್ಲಾ ಒಂದ ಲೈನಿನ ಮ್ಯಾಲ ಅದಾವು. ಅವು ಗೊಣಗತಾವ, ಇದು ಕೇಳಸತದ, ಅಷ್ಟ."

ನಾನು ಬಿ.ಎಸ್ಸಿ. ಓದುತ್ತಿದ್ದವಳು, ಅದೂ ಭೌತಶಾಸ್ತ್ರ. ಎಂಟನೇ ಕ್ಲಾಸು ದಾಟದವನ ಸಿದ್ಧಾಂತ ಕೇಳಿ ನಕ್ಕುಬಿಟ್ಟೆ. ಪರೀಕ್ಷೆಯ ದಿನಗಳಲ್ಲಿ ಮಾತ್ರ ಪೆಟ್ಟಿಗೆ ಕೌದಿ ಹೊದ್ದು ಮೂಲೆ ಸೇರುತ್ತಿತ್ತು. ಬೆಳಗಿನ ಐದಕ್ಕೇ ಗದ್ದಲವೆಬ್ಬಿಸುವ ಓಣಿಯೂ ಆಗ ಏಳರವರೆಗೆ ತೆಪ್ಪಗಿರುತ್ತಿತ್ತು. ಆ ಸೀಸನ್ನಿಗೆ ಆರ್ಡರು ಕಮ್ಮಿಯೇನೋ ಅಂದುಕೊಂಡು ಓದಿಕೊಂಡೆ.

ಪಾಸಾದೆ. ನಮ್ಮ ವಂಶದ ಮೊದಲ ಡಿಗ್ರಿ! ಅವ್ವ ಓಣಿಗೆಲ್ಲ ಹೋಳಿಗೆ ಹಾಕಿಸಿದಳು. ಹೊಲಿಯುವವರು ಸರದಿಯಂತೆ ಬಂದು ತಿಂದು, ಮತ್ತೆ ಮಷಿನ್ನಿಗೆ ಓಡುತ್ತಿದ್ದರು. ಮಾವನದು ಒಂದೇ ಆಸೆ: ಎಲ್ಲರೆದುರು ನನಗಾಗಿ ಒಂದು ಹಾಡು ನುಡಿಸಬೇಕು. ಆ ಪೆಟ್ಟಿಗೆ ಹಚ್ಚಿದರೆ ಜನ ಹೋಳಿಗೆ ಬಿಟ್ಟು ಏಳುತ್ತಾರೆ ಎಂದಳು ಅವ್ವ. ಮಾವ ವೈರು ಸುತ್ತತೊಡಗಿದ. ಆ ಮುಖ ನೋಡಲಾಗಲಿಲ್ಲ. ಅವನ ಸಿದ್ಧಾಂತ ಪರೀಕ್ಷಿಸಿಯೇ ಬಿಡೋಣವೆಂದು ಲಕ್ಷ್ಮಕ್ಕನ ಮನೆಗೆ ಹೋಗಿ, ಐದು ನಿಮಿಷ ಎಲ್ಲರೂ ಮಷಿನ್ ನಿಲ್ಲಿಸಿದರೆ ಆಗುತ್ತದೆಯೇ ಎಂದು ಕೇಳಿದೆ. ಪೀಸಿನ ಲೆಕ್ಕದಲ್ಲಿ ಹೊಲಿಯುವವರು. ಬೈಸಿಕೊಳ್ಳಲು ತಯಾರಾಗಿಯೇ ಹೋಗಿದ್ದೆ.

ಲಕ್ಷ್ಮಕ್ಕ ಪೆಡಲಿನಿಂದ ಕಾಲು ತೆಗೆದಳು.

"ಐದು ನಿಮಿಷಕ್ಕ ಇಷ್ಟ್ಯಾಕ ಅಂಜತೀಯವ್ವಾ? ನಿನ್ನ ಪರೀಕ್ಷಿ ಬಂದಾಗೆಲ್ಲ ನಿಮ್ಮ ಮಾವ ಮನಿಮನಿಗೆ ಬಂದು, ಹುಡುಗಿ ಓದತಾಳ, ಏಳರತನಕ ಮಷಿನ್ ಹಚ್ಚಬ್ಯಾಡ್ರಿ ಅಂತಿದ್ದ. ಮೂರು ವರ್ಷ ನಾವು ನಿಲ್ಲಿಸಿಲ್ಲೇನು? ತನ್ನ ಪೆಟ್ಟಿಗಿ ಸಲುವಾಗಿ ಮಾತ್ರ ಒಂದ ದಿನಾನೂ ಕೇಳಲಿಲ್ಲ."

ಪೆಟ್ಟಿಗೆಗೆ ಬೇಕಿದ್ದ ಮೌನ ಆ ಬೆಳಗುಗಳಲ್ಲಿ ಓಣಿ ತುಂಬ ಇತ್ತು. ಪೆಟ್ಟಿಗೆ ಕೌದಿಯೊಳಗಿತ್ತು.

ಲಕ್ಷ್ಮಕ್ಕನೇ ಕೂಗಿ ಹೇಳಿದಳು. ಒಂದೊಂದೇ ಮಷಿನ್ ನಿಂತಿತು. ನಾನು ಮನೆಗೆ ಬಂದು ವೈರು ಬಿಚ್ಚಿ ಮತ್ತೆ ಚುಚ್ಚಿದೆ. ಮಾವ ಸ್ವಿಚ್ ಒತ್ತಿದ. ಗೊರಕೆ ಬರಲಿಲ್ಲ. ಅವನು ಗಾಬರಿಯಾಗಿ, ಬಗ್ಗಿ ಪೆಟ್ಟಿಗೆಗೆ ಕಿವಿ ಹಚ್ಚಿದ.

"ಕೆಟ್ಟಿಲ್ಲ ಮಾವ," ಅಂದೆ. "ಬಾರ್ಸು."