ಕಿಸೆಯಲ್ಲಿ ಹಿಡಿಯುವ ಇಂಗಾಲದ ಕಡ್ಡಿ

ಸುಧಾ, ಪ್ರಾಣೇಶ, ನಿಮ್ಮ ಅಜ್ಜ ಉಣ್ಣುವ ಮೊದಲೇ ಸಾರಿನ ರುಚಿ ಹೇಳುತ್ತಿದ್ದರು ಎಂದರೆ ನಂಬುತ್ತೀರಾ? ನಾಲಿಗೆಯಿಂದಲ್ಲ, ಕಡ್ಡಿಯಿಂದ!

ನಿಮ್ಮಪ್ಪ ಇನ್ನೂ ಸಾಲಿಗೆ ಹೋಗುತ್ತಿದ್ದ ಕಾಲ. ನಮ್ಮ ಸವಣೂರಿನ ಮನೆಯಲ್ಲಿ ಸತ್ತ ಬ್ಯಾಟರಿ ಸೆಲ್ಲಿಗೆ ಇದ್ದ ಮರ್ಯಾದೆ ಬೀಗರಿಗೂ ಇರಲಿಲ್ಲ. ಶಿಗ್ಗಾಂವಿಯಲ್ಲಿ ವಿಜ್ಞಾನ ಕಲಿಸಿ ಬರುವಾಗ ಅಜ್ಜ ಅಂಗಡಿ ಅಂಗಡಿಯಲ್ಲಿ ಅವನ್ನು ಬೇಡಿ ತರುತ್ತಿದ್ದರು. ಒಡೆದು, ಒಳಗಿನ ಇಂಗಾಲದ ಕಡ್ಡಿಯನ್ನು ಉಜ್ಜಿ ಸಣ್ಣಗೆ ಮಾಡಿ, ಸೆಲ್ಲಿನ ಕರಿಪುಡಿಯನ್ನೇ ಅದಕ್ಕೆ ಅಂಟಿಸುತ್ತಿದ್ದರು. ಜೋಡಿಗೆ ಉಪ್ಪುನೀರಿನ ನಳಿಗೆಯಲ್ಲಿ ಬೆಳ್ಳಿಯ ತಂತಿ. ಬೆಳ್ಳಿ ಎಲ್ಲಿಂದ ಬಂತು? ನನ್ನ ಕಾಲ್ಗೆಜ್ಜೆಯನ್ನು ಕೇಳಿರಿ! ಎರಡನ್ನೂ ಮೀಟರಿಗೆ ಕಟ್ಟಿ ನೀರಿಗೆ ಅದ್ದಿದರೆ, ಅದು ಹುಳಿಯೋ ಕ್ಷಾರವೋ ಮುಳ್ಳು ಹೇಳಬೇಕು. ದೊಡ್ಡ ವಿಜ್ಞಾನಿಗಳ ಹತ್ತಿರ ಇದಕ್ಕೆ ಗಾಜಿನ ನಾಜೂಕು ಯಂತ್ರವಿತ್ತಂತೆ. ಇವರಿಗೆ ರೈತನ ಕಿಸೆಯಲ್ಲಿ ಹಿಡಿಯುವಂಥದು ಬೇಕಿತ್ತು.

ಪರೀಕ್ಷೆಯೆಲ್ಲ ಅಡುಗೆಮನೆಯಲ್ಲಿ. ಒಂದು ದಿನ ಸಾರಿಗೆ ಅದ್ದಿ, "ಹುಳಿ ಕಡಿಮಿ ಆಗೇದ ನೋಡು," ಎಂದರು. ಆ ಸಾರನ್ನು ಯಾರು ಉಣ್ಣಬೇಕು? ಬೇರೆ ಮಾಡಿದೆ. ಅದಕ್ಕೂ ಅದ್ದಿದರು!

ಹೀಗಿರುವಾಗ ರೈತ ಬಾವಾಸಾಬ ತಂಬಿಗೆಯಲ್ಲಿ ನೀರು ತಂದ. ಎರಡು ಬೇಸಿಗೆ ಬಾವಿ ತೋಡಿದ್ದ, ಎಲೆಬಳ್ಳಿ ಹಚ್ಚುವ ಆಸೆ. ನೀರು ಸವಳು, ಕ್ಷಾರ ಹೆಚ್ಚು, ಬಳ್ಳಿ ಬದುಕುವುದಿಲ್ಲ ಎಂದು ನೆರೆಯವರು ಹೆದರಿಸಿದ್ದರು. ಅಜ್ಜ ಅವನಿಗೆ ಎಲೆಅಡಿಕೆ ಮಡಚಿ ಕೊಟ್ಟು, ತಾವೂ ಹಾಕಿಕೊಂಡು, ಕಡ್ಡಿಯನ್ನು ಬೆರಳಿನಿಂದ ಒರೆಸಿ, ಬಟ್ಟಲಿಗೆ ಸುರಿದ ನೀರಿನಲ್ಲಿ ಅದ್ದಿದರು. ಮುಳ್ಳು ಕ್ಷಾರದ ಕಡೆ ಓಡಿತು. ಮತ್ತೆ ಒರೆಸಿ ಅದ್ದಿದರು, ಮತ್ತೂ ಓಡಿತು.

"ಹಂಗಾರ ಬಾವಿ ಮುಚ್ಚಿಸಿಬಿಡ್ತೇನ್ರಿ, ಮಾಸ್ತರ್ರ," ಎಂದು ಬಾವಾಸಾಬ ಎದ್ದ.

ಹೊರಗಿನವರೆದುರು ನಾನು ಬಾಯಿ ಬಿಟ್ಟವಳಲ್ಲ. ಅಂದು ಬಾಗಿಲ ಮರೆಯಿಂದ ಮಾತು ಹೇಗೆ ಬಂತೋ!

"ನೀರಿಗೆ ಯಾಕ ಬೈತೀರಿ? ನಿಮ್ಮ ಬೆರಳಿಗೆ ಸುಣ್ಣ ಅದ."

ಇಬ್ಬರೂ ಬೆರಳು ನೋಡಿದರು. ಎಲೆಗೆ ಸುಣ್ಣ ಹಚ್ಚಿದ ಬೆರಳಿನಿಂದಲೇ ಕಡ್ಡಿ ಒರೆಸಿದ್ದರು! ಕೈ ತೊಳೆದು, ಕಡ್ಡಿ, ಬಟ್ಟಲು ತೊಳೆದು, ತಂಬಿಗೆಯಿಂದ ಬೇರೆ ನೀರು ಸುರಿದು ಅದ್ದಿದರು. ಮುಳ್ಳು ನಡುವೆ ನಿಂತಿತು. ಹತ್ತು ಸಲ ಅದ್ದಿದರೂ ಅಲ್ಲಿಯೇ! ಬಾವಾಸಾಬ ಉಳಿದ ನೀರನ್ನು ಗಟಗಟ ಕುಡಿದುಬಿಟ್ಟ. ಅವನ ಬಳ್ಳಿ ಹಬ್ಬಿದ ಮೇಲೆ ಹಾನಗಲ್ಲು, ಹಿರೇಕೆರೂರುಗಳಿಂದಲೂ ರೈತರು ತಂಬಿಗೆ ಹಿಡಿದು ಬಂದರು. ನಮ್ಮ ಕಟ್ಟೆಯ ಮೇಲೆ ಕೂಡಲು ಜಾಗವಿರಲಿಲ್ಲ!

ಅಜ್ಜ ನನ್ನನ್ನು ಎಂದೂ ಹೆಸರು ಹಿಡಿದು ಕರೆದವರಲ್ಲ, "ಕೇಳಿದ್ಯಾ" ಎಂದರೆ ನಾನೇ. ಅವರು ಹೋದ ಮೇಲೆ ಅವರ ಪ್ರಯೋಗದ ವಹಿ ತೆರೆದೆ. ಆ ದಿನದ ಹಾಳೆಯಲ್ಲಿ "ತಪ್ಪು ಕಂಡುಹಿಡಿದವರು" ಎಂದು ಬರೆದು, ಮುಂದೆ ನನ್ನ ಪೂರ್ತಿ ಹೆಸರು ಬರೆದಿದ್ದರು. ಆ ಹಾಳೆಯನ್ನು ನಾನು ಬರೆದ ಈ ಕಾಗದಗಳ ನಡುವೆ ಇಟ್ಟಿದ್ದೇನೆ. ಮುಟ್ಟಿದರೆ ಪುಡಿಯಾಗುತ್ತದೆ, ಮಡಚದೆ ಜೋಪಾನ ಮಾಡಿರಿ, ಮಕ್ಕಳೇ.