ಮಗ್ಗದ ಕುಣಿಯಲ್ಲೊಂದು ಬಾಣಂತನ

ಬನಹಟ್ಟಿಯ ನಮ್ಮ ಓಣಿಯಲ್ಲಿ ತಾಳ್ಮೆಯ ಮನುಷ್ಯನೆಂದು ನನಗೊಂದು ಹೆಸರಿದೆ. ನೇಕಾರನಿಗೆ ಅದು ಬೇಡವೆಂದರೂ ಬರುವ ಹೆಸರು. ಎಳೆ ಹರಿದಾಗ ಸಿಟ್ಟು ಮಾಡಿದರೆ ಇನ್ನೆರಡು ಎಳೆ ಹರಿಯುತ್ತವೆಯೇ ಹೊರತು ಹರಿದದ್ದು ಕೂಡುವುದಿಲ್ಲ. ಹೀಗೆ ಬೇರೆ ದಾರಿಯಿಲ್ಲದೆ ಕಲಿತದ್ದನ್ನು ನನ್ನ ಹುಟ್ಟುಗುಣವೆಂದು ತಿಳಿದು ಒಳಗೊಳಗೇ ಬೀಗುತ್ತಿದ್ದೆ. ಆ ಜಂಬವನ್ನು ಇಳಿಸಿದ್ದು ಒಂದು ಬಸಿರಿ ನಾಯಿ.

ಸಂಸ್ಥಾನ ಹೋಗಿ ನಾವೆಲ್ಲ ಮುಂಬಯಿ ಸರಕಾರದವರಾದ ಮೇಲಿನ ಮಾತು. ಹುನ್ನೂರಿನ ಸಿದ್ದಪ್ಪ ವರ್ಷಕ್ಕೊಮ್ಮೆ ಗೊಬ್ಬರಕ್ಕೆಂದು ನಮ್ಮ ತುಂಡು ಹೊಲದಲ್ಲಿ ಕುರಿ ಕೂಡಿಸುವವನು. ಈ ವರ್ಷ ಹಿಂಡು ಹೊಡೆದುಕೊಂಡು ಮುಂದಿನ ಊರಿಗೆ ಹೊರಡುವ ದಿನ ತನ್ನ ನಾಯಿ ಮಿಂಚಿಯನ್ನು ನಮ್ಮ ಕಟ್ಟೆಗೆ ತಂದು ಕಟ್ಟಿದ.

“ಕಾಕಾ, ಇದು ಗಬ್ಬ ಐತಿ. ಹೋದ ಸಲ ಹಾದ್ಯಾಗ ಈದು, ಒಂದ ಮರೀನೂ ಉಳೀಲಿಲ್ಲ. ವಾರಗಟ್ಟಲೆ ಆ ಜಾಗಾ ಹುಡುಕ್ಕೋತ ಹಿಂದ ಹಿಂದ ಓಡ್ತಿತ್ತು. ಈ ಸಲ ನಿಮ್ಮ ಮನೀನ ಇದಕ್ಕ ತವರುಮನಿ. ಮರಿ ಉಳಿದ್ರ ಸಾಕು, ಬೀರಪ್ಪಗ ಕಾಯಿ ಒಡಸ್ತೀನಿ” ಎಂದ.

ತವರುಮನೆ ಎಂದ ಕೂಡಲೇ ನನ್ನ ಹೆಂಡತಿ ನೀಲವ್ವ ಕರಗಿ ಹೋದಳು. ನಮಗೆ ಹೆಣ್ಣುಮಕ್ಕಳಿಲ್ಲ. ಹೀಗಾಗಿ ಮಿಂಚಿಗೆ ನುಚ್ಚು-ಹಾಲು, ಬೆಲ್ಲ ಕಲಸಿದ ರೊಟ್ಟಿ, ಕಡೆಗೆ ಅಂಟಿನ ಉಂಡೆಯೂ ಬಂತು. ನಮ್ಮ ಮನೆಯಲ್ಲಿ ಮಾಂಸ ನಡೆಯುವುದಿಲ್ಲ. ಮಿಂಚಿ ಮಧ್ಯಾಹ್ನ ಸ್ವಲ್ಪ ಹೊತ್ತು ಎಲ್ಲಿಗೋ ಹೋಗಿ ಬಾಯಿ ನೆಕ್ಕಿಕೊಳ್ಳುತ್ತ ಬರುತ್ತಿತ್ತು. ಎಲ್ಲಿಗೆಂದು ನಾವು ಕೇಳಲಿಲ್ಲ, ಅದೂ ಹೇಳಲಿಲ್ಲ. ಇಷ್ಟೆಲ್ಲ ಮಾಡಿದರೂ ಮೈ ಹಿಡಿಯಬೇಕಲ್ಲ? ಮುಧೋಳ ಕಡೆಯ ಈ ಜಾತಿಯೇ ಹುಟ್ಟಾ ಬಡಕಲು. ಸಾಕಿದವರ ಮಾನ ಕಳೆಯಲಿಕ್ಕೆಂದೇ ಪಕ್ಕೆಲುಬು ತೋರಿಸಿಕೊಂಡು ಓಣಿ ತುಂಬ ತಿರುಗುತ್ತದೆ. ಎದುರುಮನೆಯ ಕಾಶವ್ವ ನೀರು ತರುತ್ತ ನಿಂತು, “ಏನ್ರಿ, ತವರಿಗೆ ಬಂದ ಮಗಳಿಗೆ ಉಣ್ಣಾಕ ಹಾಕವಲ್ರೇನು?” ಎಂದು ಕೇಳಿದ ದಿನ ನೀಲವ್ವ ರೊಟ್ಟಿಗೆ ಇಮ್ಮಡಿ ಬೆಲ್ಲ ಕಲಸಿದಳು.

ನನ್ನ ಪಾಲಿಗೆ ಬಂದದ್ದು ನೋಡಿಕೊಳ್ಳುವ ಕೆಲಸ. ಬೆಳಿಗ್ಗೆ ಮಗ್ಗಕ್ಕೆ ಇಳಿಯುವ ಮೊದಲು, ಸಂಜೆ ಎದ್ದ ಮೇಲೆ ಮಿಂಚಿಯ ಹೊಟ್ಟೆಯ ಮೇಲೆ ಅಂಗೈ ಇಟ್ಟು ಕೂಡುತ್ತಿದ್ದೆ. ಮೊದಮೊದಲು ಏನೂ ತಿಳಿಯುತ್ತಿರಲಿಲ್ಲ. ಒಂದು ದಿನ ಒಳಗಿನಿಂದ ಯಾರೋ ಮೆತ್ತಗೆ ತಟ್ಟಿದಂತಾಯಿತು. ಅಂದಿನಿಂದ ಮಗ್ಗ ನಿಲ್ಲಿಸಿ ನಿಲ್ಲಿಸಿ ಎದ್ದು ಹೋಗುವುದೇ ಕೆಲಸವಾಯಿತು. ಕಿವಿ ಇಟ್ಟೆ, ಮೂಗು ಮುಟ್ಟಿದೆ, ನಡೆ ನೋಡಿದೆ. ನೀಲವ್ವ ಒಲೆಯ ಮುಂದಿನಿಂದಲೇ, “ಕಲ್ಲಂಗಡಿ ನೋಡಿದಂಗ ಬಡದ ಬಡದ ನೋಡಬ್ಯಾಡ್ರಿ. ಹೊತ್ತು ಬಂದ್ರ ಅದ ಹೇಳತೈತಿ” ಎಂದಳು. ಇವಳಿಗೆ ತಾಳ್ಮೆಯಿಲ್ಲ ಎಂದು ನಾನು ಅಂದುಕೊಂಡೆ.

ಹೆರಿಗೆಗೆ ಹಿತ್ತಲ ಕೋಣೆ ಸಿದ್ಧಮಾಡಿದೆವು. ನೆಲ ಸಾರಿಸಿ, ತಟ್ಟಿನ ಚೀಲ ಹಾಸಿ, ಮೇಲೆ ಹಳೆಯ ಕೌದಿ ಹಾಕಿ, ಗಾಳಿ ಬಾರದಂತೆ ಕಿಟಕಿ ಮುಚ್ಚಿದೆವು. ಒಂದು ಮಧ್ಯಾಹ್ನ ಮಿಂಚಿ ನುಚ್ಚು ಮುಟ್ಟಲಿಲ್ಲ, ಅಂಗಳ ಕೆದರತೊಡಗಿತು. ಹೊತ್ತು ಬಂತೆಂದು ನಾನು ಬಾಣಂತಿ ಕೋಣೆಗೆ ಸಲ್ಲಬೇಕಾದ ಮರ್ಯಾದೆಯನ್ನೆಲ್ಲ ಸಲ್ಲಿಸಿದೆ. ನಮ್ಮ ತಾಯಿ ಸೊಸೆಯಂದಿರಿಗೆ ಮಾಡುತ್ತಿದ್ದಂತೆಯೇ ಕೆಂಡ ತಂದು, ಅಜವಾನ ಉದುರಿಸಿ, ಕೋಣೆ ತುಂಬ ಹೊಗೆ ಹಾಕಿದೆ. ಮೈಲು ದೂರದ ಮೊಲ ಹಿಡಿಯುವ ನಾಯಿಗೆ ಮೂಗೂ ಇರುತ್ತದೆಂಬುದು ನನಗೆ ಹೊಳೆದಿರಲಿಲ್ಲ. ಒಳಗೆ ಕಾಲಿಟ್ಟ ಮಿಂಚಿ ಸೀನಿತು, ಮತ್ತೆ ಸೀನಿತು, ನನ್ನನ್ನು ಪರಕೀಯನಂತೆ ನೋಡಿ ಹೊರಗೆ ಜಿಗಿಯಿತು.

ಅಂಗಳದಲ್ಲಿಲ್ಲ, ಕಟ್ಟೆಯ ಮೇಲಿಲ್ಲ. ಹೊರಗೆ ಓಡಿಹೋಗಿ ಹಾದಿಯಲ್ಲೇ ಈದರೆ ಸಿದ್ದಪ್ಪನಿಗೆ ಯಾವ ಮುಖ ತೋರಿಸಲಿ? ನಾನು ಜಮಖಂಡಿ ರಸ್ತೆಯವರೆಗೆ ಓಡಿ, ಕೂಗಿ, ಬೆವತು ಹಿಂತಿರುಗಿದೆ. ನೀಲವ್ವ ಮಗ್ಗದ ಹತ್ತಿರ ನಿಂತು ಬಾಯಿಯ ಮೇಲೆ ಬೆರಳಿಟ್ಟಳು. ನಾನು ಕಾಲು ಇಳಿಬಿಟ್ಟು ತುಳಿಯುವ ಹಲಗೆಗಳಿರುವ ಕುಣಿಯಲ್ಲಿ, ಕತ್ತಲಲ್ಲಿ, ಮಿಂಚಿ ಮುದುಡಿಕೊಂಡು ಮಲಗಿತ್ತು. ಮೇಲೆ ತೇರದಾಳದ ಸಾವ್ಕಾರರ ಮಗಳ ಮದುವೆಯ ಸೀರೆ, ಸೆರಗೊಂದೇ ಬಾಕಿ.

“ಮೆತ್ತಗ ಎತ್ತಿ ಕೋಣ್ಯಾಗ ಇಡೂನೇನು?” ಎಂದೆ.

“ನಿಮ್ಮನ್ನ ಯಾರರ ಎತ್ತಿ ಇಟ್ಟಾರೇನು? ಸುಮ್ನ ಕೂಡ್ರಿ.”

ಮೊದಲ ಮರಿ ಬಂತು. ಅಲುಗಾಡಲಿಲ್ಲ. ಮಿಂಚಿ ನೆಕ್ಕಿತು, ಮೂಗಿನಿಂದ ಹೊರಳಿಸಿತು, ಮತ್ತೆ ನೆಕ್ಕಿತು. ಹೋದ ಸಲದ ಹಾದಿ ನನ್ನ ಕಣ್ಣೆದುರು ಬಂದು ಕೈ ತಾನಾಗಿಯೇ ಕೆಳಗೆ ಹೋಯಿತು. ಮಿಂಚಿ ತುಟಿ ಸರಿಸಿ ಒಂದೇ ಒಂದು ಹಲ್ಲು ತೋರಿಸಿತು. ಕೈ ಹಿಂದೆ ತೆಗೆದುಕೊಂಡೆ. ಕೈಗಳಿಗೆ ಏನೂ ಕೆಲಸವಿಲ್ಲದೆ ಕೂಡುವುದು ಎಷ್ಟು ಕಷ್ಟವೆಂದು, ಇಷ್ಟು ವರ್ಷ ಕೂತೇ ಬದುಕಿದ ನನಗೆ ಗೊತ್ತಿರಲಿಲ್ಲ. ತಾಳ್ಮೆ ಎಂದು ನಾನು ಹೇಳಿಕೊಳ್ಳುತ್ತಿದ್ದುದು ಬರೀ ಕೆಲಸವಾಗಿತ್ತೇನೋ. ಮಿಂಚಿ ಮಾತ್ರ ನೆಕ್ಕುತ್ತಲೇ ಇತ್ತು. ಕಡೆಗೆ ಕುಣಿಯೊಳಗಿಂದ ಎಣ್ಣೆ ಕಾಣದ ಬಾಗಿಲಿನ ಕೀಲು ಕಿರ್ ಎಂದಂಥ ಸಣ್ಣ ಸದ್ದು ಬಂತು. ನೀಲವ್ವ ಸೆರಗಿನಿಂದ ಕಣ್ಣೊರೆಸಿಕೊಂಡು, “ಆತು” ಎಂದಳು. ಅದರ ಬೆನ್ನಿಗೆ ಉಳಿದವೂ ಒಂದೊಂದಾಗಿ ಬಂದವು, ಎಲ್ಲವೂ ಉಳಿದವು.

ಮರಿಗಳು ಕುಣಿ ಬಿಟ್ಟು ಮೇಲೆ ಹತ್ತುವವರೆಗೆ ಮಗ್ಗ ನಿಂತಿತು. ಸಾವ್ಕಾರರು ಮಗಳ ಮದುವೆಗೆ ಬೇರೆ ಕಡೆಯಿಂದ ಸೀರೆ ತಂದರು. ಅವರು ಅಂದದ್ದನ್ನು ಇಲ್ಲಿ ಬರೆಯಲಾರೆ. ಸಿದ್ದಪ್ಪ ಬಂದು, ಮರಿಗಳನ್ನು ಕಂಬಳಿಯ ಜೋಳಿಗೆಯಲ್ಲಿ ಹಾಕಿಕೊಂಡು, “ಛಲೋ ಬಾಣಂತನಾ ಮಾಡೀರಿ ಕಾಕಾ” ಎಂದು ಹೊರಟ. ಮಿಂಚಿ ಈ ಸಲ ಹಿಂದೆ ಓಡದೆ, ಜೋಳಿಗೆಗೆ ಮೂಗು ಹಚ್ಚಿಕೊಂಡೇ ಹೋಯಿತು. ನನ್ನ ಕಡೆ ತಿರುಗಿ ಕೂಡ ನೋಡಲಿಲ್ಲ.

ಈಗ ಮತ್ತೆ ಮಗ್ಗ ನಡೆದಿದೆ. ಆದರೆ ಹಲಗೆ ತುಳಿಯುವ ಮುಂಚೆ ನನ್ನ ಕಾಲು ಪ್ರತಿ ಸಲ ಕತ್ತಲಲ್ಲಿ ಮೆಲ್ಲಗೆ ತಡಕಾಡುತ್ತದೆ. ಸದ್ದು ನಿಂತದ್ದು ಕೇಳಿ ನೀಲವ್ವ ಒಳಗಿನಿಂದಲೇ ಅನ್ನುತ್ತಾಳೆ, “ಯಾರೂ ಇಲ್ರಿ ಅಲ್ಲಿ, ತುಳೀರಿ.” ಗೊತ್ತು ಎನ್ನುತ್ತೇನೆ. ಹಾಗಂದೂ ಇನ್ನೊಮ್ಮೆ ತಡಕಾಡುತ್ತೇನೆ. ನನ್ನ ಸೀರೆಗಳು ಈಚೆಗೆ ತಡವಾಗುತ್ತಿರುವುದಕ್ಕೆ ಕಾರಣ ನನ್ನ ತಾಳ್ಮೆಯೇ ಎಂದು ಓಣಿಯವರು ಇನ್ನೂ ನಂಬಿದ್ದಾರೆ.