ಗೋಡೆಯ ನಾಡಿ ಹಿಡಿಯುತ್ತಿದ್ದ ಕಾಕಾ

ಗೋಡೆಗೂ ಕಿವಿ ಇದೆ ಎಂದು ಎಲ್ಲರೂ ಹೇಳುತ್ತಾರೆ. ಗೋಡೆಗೆ ಬಾಯಿಯೂ ಇದೆ, ಅದು ತನ್ನೊಬ್ಬನ ಕೂಡ ಮಾತ್ರ ಮಾತಾಡುತ್ತದೆ ಎಂದು ನಂಬಿದ್ದವನು ಇಡೀ ಹುಕ್ಕೇರಿ ಸೀಮೆಯಲ್ಲಿ ಒಬ್ಬನೇ. ಅವನು ನಮ್ಮ ಕಾಕಾ!

ಸಂಕೇಶ್ವರದಲ್ಲಿ ನಮ್ಮದು ಬೆಲ್ಲದ ಅಂಗಡಿ. ಅಪ್ಪ ತಕ್ಕಡಿ ಹಿಡಿದ. ಅವನ ತಮ್ಮನಾದ ಕಾಕಾ ಕರಣಿ ಹಿಡಿದು ಗೋಡೆ ಕಟ್ಟುವ ಗೌಂಡಿಯಾದ. ಯಾರ ಮನೆಗೆ ಹೋದರೂ ಮೊದಲು ಗೋಡೆಗೆ ಬೆರಳ ಗೆಣ್ಣಿನಿಂದ ಟಕ್ ಟಕ್ ಎಂದು ಬಡಿದು ಕಿವಿ ಹಚ್ಚಬೇಕು. ಮನೆಯವರಿಗೆ ಶರಣು ಹೇಳುವುದು ಆಮೇಲೆ. ಅವನ ಹೆಂಡತಿ ಚಿಗವ್ವ ಹಣೆ ಚಚ್ಚಿಕೊಳ್ಳುತ್ತಿದ್ದಳು. "ಗ್ವಾಡಿನ ನನ್ನ ಸವತಿ! ಅಕಿ ಕೂಡ ತಾಸಗಟ್ಟಲೆ ಮಾತು, ನನ್ನ ಕೂಡ ಬರೇ ಹೂಂ, ಉಹೂಂ. ಏನಂತಾಳ್ರಿ ನಿಮ್ಮಾಕಿ ಇವತ್ತ?"

ಕಾಕಾ ನಗುತ್ತಿರಲಿಲ್ಲ. "ಆರಾಮ ಅದಾಳಂತ" ಎಂದು ಗಂಭೀರವಾಗಿ ಹೇಳಿ ಊಟಕ್ಕೆ ಕೂಡುತ್ತಿದ್ದ.

ನನಗೆ ಹೆಣ್ಣು ನೋಡಲು ಗೋಕಾಕಕ್ಕೆ ಹೋದಾಗಿನ ಸಂಗತಿ ಕೇಳಿ. ಎಲ್ಲರೂ ಹುಡುಗಿಯನ್ನು ನೋಡುತ್ತಿದ್ದರೆ ಈ ಮಹಾರಾಯ ಹಿತ್ತಲ ಗೋಡೆಗೆ ಕಿವಿ ಹಚ್ಚಿಕೊಂಡು ನಿಂತಿದ್ದ! ಅಪ್ಪ ಹೊರಗೆ ಎಳೆದು ತಂದು, "ಹುಡಿಗಿ ಹೆಂಗದಾಳೋ?" ಎಂದು ಕೇಳಿದ.

"ನಾ ನೋಡ್ಲಿಲ್ಲ. ಆದ್ರ ಮೂಡಣ ಗ್ವಾಡಿ ನಂಬಬ್ಯಾಡ್ರಿ."

ನಾವು ಹುಡುಗಿಯನ್ನು ನಂಬಿದೆವು. ಈಗಲೂ ಅವಳೇ ನನ್ನ ಹೆಂಡತಿ. ಮೂಡಣ ಗೋಡೆ ಮಾತ್ರ ಮದುವೆಯಾದ ಮೊದಲ ಮಳೆಗಾಲದಲ್ಲೇ ಮಲಗಿಬಿಟ್ಟಿತು!

ಆಗಲೇ ನಾನು ಹತ್ತರಗಿಯ ಆಚೆ, ಹಳ್ಳದ ದಂಡೆಯ ಒಂದು ಹಳ್ಳಿಯಲ್ಲಿ ಸಾಲೆಯ ಮಾಸ್ತರನಾಗಿದ್ದೆ. ಸಾಲೆ ನಡೆಯುತ್ತಿದ್ದದ್ದು ಊರ ಹಳೆಯ ಚಾವಡಿಯಲ್ಲಿ. ಯಾವ ದೇಸಾಯರು ಕಟ್ಟಿಸಿದ್ದೋ, ಅಜ್ಜನ ಅಜ್ಜನಿಗೂ ಗೊತ್ತಿರಲಿಲ್ಲ. ನಡುವಿನ ದೊಡ್ಡ ಕಮಾನು ಎಷ್ಟು ಬಿರಿದಿತ್ತೆಂದರೆ ಆ ಬಿರುಕಿನಲ್ಲಿ ಪಾರಿವಾಳಗಳು ಸಂಸಾರ ಹೂಡಿ ಮೊಮ್ಮಕ್ಕಳನ್ನು ಕಂಡಿದ್ದವು. ಒಂದು ದಿನ ಅದರ ಕಲ್ಲೊಂದು ನೇರವಾಗಿ ನನ್ನ ಕುರ್ಚಿಯ ಮೇಲೆ ಬಿತ್ತು. ಅಂದು ರವಿವಾರ. ಕಲ್ಲಿಗೂ ಸಾಲೆಯ ರಜೆ ಗೊತ್ತಿದ್ದದ್ದು ನನ್ನ ಪುಣ್ಯ!

ಬೆಳಗಾವಿಯಿಂದ ಓವರ್‌ಸಿಯರ್ ಸಾಹೇಬರು ಟಾಂಗಾದಲ್ಲಿ ಬಂದರು. ದೂರದಿಂದಲೇ ನೋಡಿದರು. "ಕೆಡವ್ರಿ ಇದನ್ನ. ಹುಡುಗೂರು ಹತ್ತರಗಿ ಸಾಲಿಗಿ ಹೋಗ್ಲಿ" ಎಂದರು. ಮನೆಮನೆ ತಿರುಗಿ, ಕಾಲು ಹಿಡಿಯುವುದೊಂದು ಬಾಕಿ ಇಟ್ಟು, ಆ ವರ್ಷವಷ್ಟೇ ಏಳು ಹೆಣ್ಣುಮಕ್ಕಳನ್ನು ಸಾಲೆಗೆ ಸೇರಿಸಿದ್ದೆ. ಹಳ್ಳ ದಾಟಿಸಿ ಹತ್ತರಗಿಗೆ ಅವರನ್ನು ಯಾರು ಕಳಿಸುತ್ತಾರೆ? ಚಾವಡಿ ಬಿದ್ದರೆ ಆ ಏಳು ಜನರ ಅಕ್ಷರವೂ ಬಿದ್ದಂತೆ. ಸಾಹೇಬರನ್ನು ಊಟಕ್ಕೆಂದು ನಿಲ್ಲಿಸಿಕೊಂಡು ಕೂಡಲೇ ಕಾಕಾನಿಗೆ ಹೇಳಿಕಳಿಸಿದೆ.

ಕಾಕಾ ಬಂದ. ಸಾಹೇಬರ ಕಡೆ ತಿರುಗಿಯೂ ನೋಡದೆ ಟಕ್ ಟಕ್ ಎಂದ, ಕಿವಿ ಹಚ್ಚಿದ, ಕಣ್ಣು ಮುಚ್ಚಿದ.

"ಏನಂತೋ ನಿನ್ನ ಗ್ವಾಡಿ?" ಎಂದು ಸಾಹೇಬರು ಚೇಷ್ಟೆ ಮಾಡಿದರು.

"ಬ್ಯಾನಿ ಐತ್ರಿ ಸಾಹೇಬ್ರ, ಸತ್ತಿಲ್ಲ. ಬ್ಯಾನಿ ಬಿದ್ದಾರಂತ ಹೇಳಿ ಯಾರರ ಮಣ್ಣು ಮಾಡ್ತಾರೇನ್ರಿ?"

ಸಾಹೇಬರಿಗೂ ನಗು ತಡೆಯಲಾಗಲಿಲ್ಲ. "ಯುಗಾದಿ ಆದ ಮ್ಯಾಲ ಬರ್ತೇನಿ. ಕಮಾನು ನಿಂತಿದ್ರ ಸಾಲಿ. ಇಲ್ಲಾಂದ್ರ ಹಾರಿ, ಗುದ್ದಲಿ" ಎಂದು ಹೇಳಿ ಟಾಂಗಾ ಹತ್ತಿದರು. ನಾನು ಸಾಲೆಯನ್ನು ಬೇವಿನ ಗಿಡದ ಕೆಳಗೆ ಸಾಗಿಸಿದೆ.

ಶುರುವಾಯಿತು ನೋಡಿ ಚಿಕಿತ್ಸೆ! ಬಿರಿದ ಕಮಾನಿಗೆ ಮರದ ಆಸರೆ ಕೊಟ್ಟು, ಸಡಿಲಾದ ಕಲ್ಲುಗಳನ್ನು ಒಂದೊಂದಾಗಿ ಇಳಿಸಿ, ಮಕ್ಕಳಿಗೆ ಎರೆದಂತೆ ತೊಳೆದ. ಸುಣ್ಣ ವಾರಗಟ್ಟಲೆ ನೆನೆಯಿತು, ಎತ್ತಿನ ಗಾಣದಲ್ಲಿ ನುಣ್ಣಗಾಯಿತು. ಅರೆದ ಗಾರೆಯನ್ನು ನಾಲಿಗೆಯ ತುದಿಗೆ ಹಚ್ಚಿಕೊಂಡು, "ಇನ್ನೂ ಸಿಟ್ಟಿನಾಗ ಐತಿ, ಬಿಡ್ರಿ ನಾಕ ದಿನ" ಎನ್ನುವನು. ಗಾರೆಗೆ ಬೆಲ್ಲದ ನೀರು ಬೇಕಲ್ಲ? ಅಪ್ಪ ಅಭಿಮಾನದಿಂದ ಅಂಗಡಿಯ ಒಳ್ಳೆಯ ಬೆಲ್ಲದ ಪೆಂಟಿಗಳನ್ನೇ ಗಾಡಿಯಲ್ಲಿ ಕಳಿಸಿದ. ಕಾಕಾ ಒಂದು ಚೂರು ಚಪ್ಪರಿಸಿ ಗಾಡಿಯನ್ನು ಹಾಗೇ ತಿರುಗಿಸಿದ. "ಇದು ಮನಷ್ಯಾರು ತಿನ್ನೂ ಬೆಲ್ಲಾ. ಗ್ವಾಡಿಗಿ ನಡಿಯಂಗಿಲ್ಲ!"

ಬೇರೆ ಅಂಗಡಿಯ ಕರಿ ಬೆಲ್ಲ ತರಿಸಿಕೊಂಡ. ಅಪ್ಪ ಒಂದು ತಿಂಗಳು ತಮ್ಮನ ಕೂಡ ಮಾತು ಬಿಟ್ಟ.

ಸಾಹೇಬರು ಕನಿಕರಪಟ್ಟು ಆಗಿನ ಹೊಸ ಪದಾರ್ಥವಾದ ಸಿಮೆಂಟಿನ ಎರಡು ಚೀಲ ಕಳಿಸಿದರು. ಕಾಕಾ ಅದನ್ನೂ ಬಿಡದೆ ಉಪಯೋಗಿಸಿದ. ಅವುಗಳ ಮೇಲೆ ಕೂತು ದಿನಾ ಎಲೆಅಡಿಕೆ ಹಾಕಿಕೊಂಡ! ಬೆಲ್ಲದ ವಾಸನೆಗೆ ಊರ ಇರುವೆಗಳೆಲ್ಲ ಚಾವಡಿಗೆ ಹೊರಟವು. ನನ್ನ ವಿದ್ಯಾರ್ಥಿಗಳು ಒಂದು ದಿನವೂ ಅಂಥ ನೇರ ಸಾಲಿನಲ್ಲಿ ಬಂದವರಲ್ಲ. ನಾನು ಗಾಬರಿಯಾದರೆ ಕಾಕಾ ಕುಣಿದಾಡಿದ. "ಇರಿವಿ ಬಂದೂ ಅಂದ್ರ ಗಾರಿ ಪಾಸ್ ಆತು ಅಂತ ತಿಳಿಯೋ ಮಾಸ್ತರಾ!"

ಯುಗಾದಿ ಮುಗಿಯಿತು, ಸಾಹೇಬರು ಬಂದರು. ಆಸರೆ ತೆಗೆಯುವಾಗ ಕಮಾನು ಕಟ್ಟಿದ ಗೌಂಡಿ ಅದರ ಅಡಿಯಲ್ಲೇ ನಿಲ್ಲಬೇಕು. ಅದು ಆ ಕಸುಬಿನ ಕಟ್ಟಳೆ. ಬಿದ್ದರೆ ಮೊದಲು ತನ್ನ ತಲೆಯ ಮೇಲೆ. ಊರೆಲ್ಲ ದೂರದ ಬೇವಿನ ಗಿಡದ ಕೆಳಗೆ ಗುಂಪುಗೂಡಿತ್ತು. ಕಾಕಾ ಮಾತ್ರ ಅತ್ತೆಯ ಮನೆಗೆ ಬಂದ ಅಳಿಯನಂತೆ ಕಮಾನಿನ ಕೆಳಗೆ ಸೊಂಟಕ್ಕೆ ಕೈಕೊಟ್ಟು ನಿಂತಿದ್ದ.

ಅಷ್ಟರಲ್ಲಿ ಚಿಗವ್ವ ರೊಟ್ಟಿಯ ಗಂಟು ಹಿಡಿದು ಬಂದವಳು ಯಾರ ಮಾತೂ ಕೇಳದೆ ಸೀದಾ ಹೋಗಿ ಗಂಡನ ಬಾಜೂ ನಿಂತುಬಿಟ್ಟಳು!

"ಹೊರಗ ನಡಿ" ಎಂದ ಕಾಕಾ.

"ಯಾಕ್ರಿ? ಗಟ್ಟಿ ಇಲ್ಲೇನು ನಿಮ್ಮಾಕಿ?"

"ಗಟ್ಟಿ ಅದಾಳ."

"ಮತ್ಯಾಕ ಹೋಗ್ಲಿ?"

ಕಾಕಾ ರೂಢಿಯಂತೆ ಗೋಡೆಯ ಕಡೆ ನೋಡಿದ. ಗೋಡೆ ಸುಮ್ಮನಿತ್ತು. "ನೀ ನಿಂತರ ನನಗ ಅಂಜಿಕಿ ಬರ್ತೈತಿ" ಎಂದ, ಹೆಚ್ಚುಕಡಿಮೆ ಪಿಸುಮಾತಿನಲ್ಲಿ.

ಚಿಗವ್ವ ಹೋಗಲಿಲ್ಲ. ಆಳುಗಳು ಬೆಣೆಗಳನ್ನು ಹೊಡೆದು ಉರುಳಿಸಿದರು. ಆಸರೆ ಜಾರಿತು. ಮೇಲಿನಿಂದ ಒಂದಿಷ್ಟು ಸುಣ್ಣದ ಪುಡಿ ಉದುರಿತು. ತನ್ನ ತಲೆಯ ಚಿಂತೆಯನ್ನು ಎಂದೂ ಮಾಡದ ಕಾಕಾ, ಸುಣ್ಣಕ್ಕೆ ಬಿರಿದ ತನ್ನ ಅಂಗೈಯನ್ನು ಚಿಗವ್ವನ ತಲೆಯ ಮೇಲೆ ಹಿಡಿದಿದ್ದ. ಅಷ್ಟು ದೊಡ್ಡ ಕಮಾನಿಗೆ ಆ ಒಂದು ಅಂಗೈ! ಕಮಾನು ನಿಂತಿತು. ಊರು ಕೇಕೆ ಹಾಕಿತು. ಕೈಯನ್ನು ಇಳಿಸಬೇಕೆಂಬುದು ಕಾಕಾನಿಗೆ ಎಷ್ಟೋ ಹೊತ್ತು ನೆನಪಾಗಲೇ ಇಲ್ಲ.

ಏಳು ಹೆಣ್ಣುಮಕ್ಕಳು ಮರುದಿನವೇ ಒಳಗೆ ಬಂದು ಕೂತರು. ಈಗ ಹತ್ತೊಂಬತ್ತು ಜನ ಇದ್ದಾರೆ.

ಕಾಕಾ ತೀರಿಕೊಂಡು ಎರಡು ವರ್ಷವಾಯಿತು. ಮೊನ್ನೆ ಚಿಗವ್ವ ನಮ್ಮಲ್ಲಿಗೆ ಬಂದಿದ್ದಳು. ಸಾಲೆ ಬಿಟ್ಟ ಮೇಲೆ ಚಾವಡಿಯ ಒಳಗೆ ಯಾರೋ ಇದ್ದ ಹಾಗಾಯಿತೆಂದು ಇಣುಕಿದೆ. ಅವಳು ಕಮಾನಿನ ಕಂಬಕ್ಕೆ ಟಕ್ ಟಕ್ ಎಂದು ಬಡಿದು, ಸೆರಗು ಸರಿಸಿ ಕಿವಿ ಹಚ್ಚಿಕೊಂಡು ನಿಂತಿದ್ದಳು. ಎಂದಿನ ಚೇಷ್ಟೆಯಲ್ಲಿ ಕೇಳಿಬಿಟ್ಟೆ. "ಏನಂತಾಳ ಚಿಗವ್ವಾ ನಿನ್ನ ಸವತಿ?"

ಅವಳು ಕಣ್ಣು ತೆರೆಯಲಿಲ್ಲ.

"ನಿಮ್ಮ ಕಾಕಾ ಆರಾಮ ಅದಾರಂತ" ಎಂದಳು.